ಪರದೆ ಪಕ್ಕದ ಪಿಸುಮಾತು

"ಮೂರನೇ ಸಲ 'ಕೊಟ್ಟೆ' ಅನ್ಬೇಡ ತಾಯಿ. ಎರಡು ಸಲ ಅನ್ನು, ಬಾಯಿ ಮುಚ್ಕೋ. ಮೂರನೇದರ ಬದಲಿಗೆ ಗಂಟೆ ಹೊಡೀತಾರೆ."

ಹೇಳಿದವನು ನಾಟಕ ಕಂಪನಿಯ ಹಳೇ ಹಾಸ್ಯಗಾರ, ಎಲ್ಲರ ಬಾಯಲ್ಲೂ ಕೋಡಂಗಿ ಮಾವ. ಸಾವಿನ ಮನೆಯಿಂದಲೂ ಒಂದು ನಗೆಚಟಾಕಿ ಹಾರಿಸದೆ ಎದ್ದು ಬರುವ ಆಸಾಮಿಯಲ್ಲ. ಆ ಮಧ್ಯಾಹ್ನ ಮಾತ್ರ ಅವನ ಮುಖದಲ್ಲಿ ನಗುವಿನ ಸುಳಿವೇ ಇರಲಿಲ್ಲ.

ಬಣ್ಣದ ಕೋಣೆಯಲ್ಲಿ ಪೌಡರು, ಮುಗ್ಗಲು ಹಿಡಿದ ಮಖಮಲ್ಲು, ಹಳೇ ಬೆವರು ಎಲ್ಲ ಸೇರಿ ಮೂಗು ಕಟ್ಟುವಂಥ ವಾಸನೆ. ಕನ್ನಡಿಯ ಮುಂದೆ ಕೂತಿದ್ದ ನಟಿ ಗೊಳ್ಳೆಂದು ನಕ್ಕಳು. ಊರಿಗೆಲ್ಲ ಅವಳು ತಾರೆ, ಅಕ್ಕನಿಗೆ ಮಾತ್ರ ಚಿನ್ನಿ.

"ಅಂದ್ರೆ ಏನಾಗುತ್ತೆ ಮಾವ? ಆಕಾಶ ಕಳಚಿ ಬೀಳುತ್ತಾ?"

"ಈ ನಾಟಕ ಬರೆದೋನು ಮಾಟ ಕಲ್ತೋನು ಕಣಮ್ಮ. ದಾನದ ಸೀನಲ್ಲಿ ನಿಜವಾದ ಮಂತ್ರಾನೇ ಇಟ್ಟುಬಿಟ್ಟಿದಾನೆ. ರಕ್ತಸಂಬಂಧಿ ಹೇಳ್ಕೊಡ್ಬೇಕು, ನೀನು ನಂಬಿ ಮೂರು ಸಲ ಅನ್ಬೇಕು. ಏನು ಕೊಟ್ಟೆ ಅಂತೀಯೋ, ಅದು ಹೇಳಿಸಿದೋರ ಪಾಲು."

"ಹಾಗಾದ್ರೆ ಭಯ ಇಲ್ಲ ಬಿಡಿ. ನನಗೆ ಹೇಳ್ಕೊಡೋಳು ನಮ್ಮಕ್ಕ!"

ಮೂಲೆಯಲ್ಲಿ ಕೂತಿದ್ದ ಚಿನ್ನಿಯ ಐದು ವರ್ಷದ ಮಗಳು ಪುಟ್ಟಿ, ಅಮ್ಮನ ಹಾಗೆಯೇ ಕತ್ತು ಕೊಂಕಿಸಿ, "ಆಕಾಶ ಕಳಚಿ ಬೀಳುತ್ತಾ?" ಎಂದಳು. ಅಮ್ಮ ಅಂದದ್ದನ್ನೆಲ್ಲ ಅನ್ನುವುದೇ ಆ ಮಗುವಿನ ಆಟ.

ಒಂದು ಕಾಲಕ್ಕೆ ಈ ರಂಗದ ಮೇಲೆ ಅಕ್ಕನೇ ನಾಯಕಿ. ಮೈಕಿಲ್ಲದ ಕಾಲದಲ್ಲಿ ಕೊನೆಯ ಬೆಂಚಿಗೆ ಕೇಳಲೆಂದು ಕೂಗಿ ಕೂಗಿ ಅವಳ ಗಂಟಲು ಬಿತ್ತು. ದನಿ ಹೋಗಿ ಬರೀ ಗಾಳಿ ಉಳಿಯಿತು. ಪಾತ್ರಗಳು ತಂಗಿಗೆ ಬಂದವು. ಪ್ರತಿ ಮಾತನ್ನೂ ತುತ್ತು ತಿನ್ನಿಸಿದ ಹಾಗೆ ಕಲಿಸಿದವಳು ಅಕ್ಕ. ಆಮೇಲೆ ತಂಗಿಗೆ ಸಿನಿಮಾ, ಗೋಡೆಗೋಡೆಗೂ ಪೋಸ್ಟರು. "ನಿಮ್ಮ ಗುರು ಯಾರು?" ಎಂದು ಪತ್ರಿಕೆಯವರು ಕೇಳಿದಾಗೆಲ್ಲ ಚಿನ್ನಿಯದು ಒಂದೇ ಉತ್ತರ: "ಯಾರೂ ಇಲ್ಲ." ಹತ್ತಿದ ಏಣಿಯನ್ನೇ ಒದ್ದಳು ಎಂದು ಕಂಪನಿಯವರು ಆಡಿಕೊಂಡರು. ಅಕ್ಕ ಮಾತ್ರ ತುಟಿ ಪಿಟಕ್ಕೆನ್ನದೆ, ಪರದೆಯ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು, ಮಾತು ಮರೆತವರಿಗೆ ಪಿಸುಗುಟ್ಟುವ ಪ್ರಾಂಪ್ಟರ್ ಆಗಿ ಉಳಿದಳು.

ಈಗ ಚಿನ್ನಿಯ ಮುಖಕ್ಕೆ ವಯಸ್ಸಾಗುತ್ತಿತ್ತು. ಕರೆಯುವವರು ಕಡಿಮೆಯಾಗಿದ್ದರು. ಉಳಿದದ್ದು ಆ ಕಂಚಿನ ಕಂಠ ಒಂದೇ. ಆ ದನಿಗೆಂದೇ ಪಾತ್ರ ಬರೆದಿದ್ದೇನೆ ಎಂದ ಸಿನಿಮಾ ನಿರ್ದೇಶಕನೊಬ್ಬ, ನಾಟಕದಲ್ಲಿ ಒಮ್ಮೆ ಅದನ್ನು ಕೇಳಿ ಒಪ್ಪಂದ ಮುಗಿಸಲೆಂದು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ. ಇದು ತಪ್ಪಿದರೆ ಅವಳ ಕತೆ ಮುಗಿದ ಹಾಗೆಯೇ.

ಮಧ್ಯಾಹ್ನದ ಆಟ ಶುರುವಾಗಿ ದಾನದ ದೃಶ್ಯ ಬಂತು. ದೀಪಗಳು ಕಂತಿದವು. ಚಿನ್ನಿಗೆ ಮಾತು ಮರೆತುಹೋಯಿತು. ಎರಡು ಸಾಲು ಹೇಳಿ 'ಕಟ್' ಕೇಳುವ ಸಿನಿಮಾದವರಿಗೆ ಇಡೀ ನಾಟಕ ಎಲ್ಲಿ ನೆನಪಿರಬೇಕು? ಅವಳು ಕಿವಿಯನ್ನು ಪರದೆಯ ಪಕ್ಕಕ್ಕೆ ಕೊಟ್ಟಳು. ಅಲ್ಲಿಂದ ಬಂದದ್ದನ್ನು ಬಾಯಿ ತಾನೇ ಅನ್ನುತ್ತದೆ. ಅರ್ಥ ಆಮೇಲೆ. ರಂಗದ ಮೇಲೆ ಪ್ರಾಂಪ್ಟರನ್ನು ಅನುಮಾನಿಸುವ ನಟ ಇನ್ನೂ ಹುಟ್ಟಿಲ್ಲ.

"ನನ್ನ ಗಂಟಲಿನ ದನಿಯನ್ನು..." ಎಂದಿತು ಪಿಸುಮಾತು.

"ನನ್ನ ಗಂಟಲಿನ ದನಿಯನ್ನು..." ಎಂದಳು ಚಿನ್ನಿ. ನಾಟಕದಲ್ಲಿ 'ನನ್ನ ರಾಜ್ಯವನ್ನು' ಅಂತಲ್ಲವೇ ಇರಬೇಕಾದದ್ದು?

"ಒಡಹುಟ್ಟಿದವಳಿಗೆ ಕೊಟ್ಟೆ."

"ಒಡಹುಟ್ಟಿದವಳಿಗೆ ಕೊಟ್ಟೆ."

"ಕೊಟ್ಟೆ."

"ಕೊಟ್ಟೆ."

ಈಗ ಗಂಟೆ. ಗಂಟೆ ಕೇಳಿಸಲಿಲ್ಲ. ಚಿನ್ನಿ ಕಣ್ಣು ಹೊರಳಿಸಿದಳು. ಕತ್ತಲಲ್ಲಿ ಅಕ್ಕ. ಗಂಟೆಯ ನಾಲಗೆ ಅಕ್ಕನ ಮುಷ್ಟಿಯಲ್ಲಿ.

"ಕೊಟ್ಟೆ," ಎಂದಳು ಅಕ್ಕ.

ಬೇಡ ಎಂದಿತು ಮನಸ್ಸು. ಬಾಯಿ ಆಗಲೇ ಅಂದಾಗಿತ್ತು.

ಕೂದಲು ಸುಟ್ಟ ವಾಸನೆ. ಗಂಟಲಿನಿಂದ ಏನೋ ಬೇರುಸಮೇತ ಕಿತ್ತುಬಂತು. ಚಿನ್ನಿ ಬಾಯಿ ತೆರೆದಳು. ಗಾಳಿ. ಮತ್ತೆ ತೆರೆದಳು. ಗಾಳಿ. ಆಗ ಪರದೆಯ ಪಕ್ಕದಿಂದ ಮುಂದಿನ ಮಾತು ಮೊಳಗಿತು. ಅವಳದೇ ದನಿ! ತುಟಿ ಇವಳದು, ದನಿ ಅಲ್ಲಿಯದು. ಜನಕ್ಕೆ ಏನೂ ತಿಳಿಯಲಿಲ್ಲ. ನಿರ್ದೇಶಕ ಎದ್ದು ನಿಂತು ಚಪ್ಪಾಳೆ ತಟ್ಟಿದ.

ಪರದೆ ಬಿದ್ದೊಡನೆ ಚಿನ್ನಿ ಓಡಿಬಂದು ಅಕ್ಕನ ಸೆರಗು ಹಿಡಿದಳು. "ನೀನಾ ಅಕ್ಕಾ? ನೀನಾ?" ಬರೀ ಉಸಿರು.

"ಗುರು ಯಾರೂ ಇಲ್ಲ ಅಂದ್ಯಲ್ಲ ಚಿನ್ನಿ. ಯಾರೂ ಅಲ್ಲದೋಳು ಹೇಳಿದ್ದನ್ನ ಯಾಕಂದೆ?"

"ಅಮ್ಮನ ಹಾಗೆ ನಂಬಿದ್ದೆ ನಿನ್ನ."

"ನಂಬಿದ್ದಕ್ಕೇ ಮಂತ್ರ ಹತ್ತಿದ್ದು."

"ವಾಪಸ್ ಕೊಡು. ನಿನ್ನ ಕಾಲಿಗೆ ಬೀಳ್ತೀನಿ."

"ಇದನ್ನ ಕೊಡೋಕೆ ಬರಲ್ಲ ಕಣೇ, ತಗೊಳ್ಳೋಕಷ್ಟೇ ಬರೋದು. ನಾನಂತೂ ಇನ್ನು ನೀನು ಹೇಳಿದ್ದನ್ನ ಅನ್ನಲ್ಲ. ನಿನ್ನನ್ನ ನಂಬೋ ರಕ್ತ ಬೇರೆ ಎಲ್ಲಾದ್ರೂ ಇದ್ರೆ ನೋಡ್ಕೋ."

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಇನ್ನು ಯಾರ ಹತ್ತಿರ ದೂರುವುದು? ಚಿನ್ನಿ ಪುಟ್ಟಿಯನ್ನು ಎತ್ತಿಕೊಂಡು, ಬಣ್ಣವನ್ನೂ ಒರೆಸದೆ ಮನೆಗೆ ಬಂದಳು. ದಾರಿಯುದ್ದಕ್ಕೂ ಅತ್ತಳು. ಅಳುವಿಗೂ ಸದ್ದಿರಲಿಲ್ಲ.

ಮುಸ್ಸಂಜೆ. ದೀಪ ಹಚ್ಚಿರಲಿಲ್ಲ. ಫೋನು ಬಡಿದುಕೊಳ್ಳುತ್ತಿತ್ತು. ನಿರ್ದೇಶಕ. ನಿಂತಿತು. ಮತ್ತೆ ಬಡಿದುಕೊಂಡಿತು. ಎತ್ತಿ ಏನನ್ನಲಿ? ಚಿನ್ನಿ ಮಗಳನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಮೊಣಕಾಲೂರಿ ಅವಳ ಕಿವಿಯ ಹತ್ತಿರ ಬಾಗಿದಳು.

"ನಾಟಕಾನಾ ಅಮ್ಮಾ?" ಪುಟ್ಟಿಗೆ ಹಿಗ್ಗೋ ಹಿಗ್ಗು.

ಚಿನ್ನಿ ಹೌದೆಂಬಂತೆ ತಲೆಯಾಡಿಸಿ ಪಿಸುಗುಟ್ಟಿದಳು. ಮಗು ಮುದ್ದಾಗಿ, ಒಂದಕ್ಷರ ತಪ್ಪದೆ ಅಂದಿತು. "ನನ್ನ ಗಂಟಲಿನ ದನಿಯನ್ನು ಹೆತ್ತವಳಿಗೆ ಕೊಟ್ಟೆ." ಮತ್ತೆ ಪಿಸುಮಾತು. "ಕೊಟ್ಟೆ."

ಕೂದಲು ಸುಟ್ಟ ವಾಸನೆ ಬಂತು. ಪುಟ್ಟಿ ಕಣ್ಣರಳಿಸಿ ಮುಂದಿನ ಮಾತಿಗಾಗಿ ಅಮ್ಮನ ತುಟಿಯನ್ನೇ ನೋಡುತ್ತಿದ್ದಳು. ಅಯ್ಯೋ, ಏನು ಮಾಡ್ತಿದೀನಿ ನಾನು! ಚಿನ್ನಿ ಅಂಗೈಯಿಂದ ಮಗುವಿನ ಬಾಯಿ ಮುಚ್ಚಿದಳು. ಬೇಡ ಎಂದು ತಲೆಯಾಡಿಸಿದಳು. ಮತ್ತೆ ಮತ್ತೆ ಆಡಿಸಿದಳು.

ಆದರೆ ಮಧ್ಯಾಹ್ನ ಅಮ್ಮ ಮೂರು ಸಲ ಅಂದದ್ದನ್ನು ಪುಟ್ಟಿ ಕೇಳಿದ್ದಳು. ಆಟವನ್ನು ಅರ್ಧಕ್ಕೆ ಬಿಡಲು ಯಾವ ಮಗು ಒಪ್ಪೀತು? ಅಂಗೈಯಡಿಯಲ್ಲಿ ಕಿಲಕಿಲ ನಗು. ಬಿಸಿ ಉಸಿರು.

"ಕೊಟ್ಟೆ."

"ಪುಟ್ಟೀ!" ಎಂದು ಚೀರಿದಳು ಚಿನ್ನಿ.

ದನಿ ಬಂತು. ಗೋಡೆಗೆ ಬಡಿದು ಮರಳುವಷ್ಟು ಗಟ್ಟಿಯಾಗಿ ಬಂತು. ಐದು ವರ್ಷದ ಮಗುವಿನ ದನಿ.

ಪುಟ್ಟಿ ಬೆದರಿ "ಅಮ್ಮಾ" ಎನ್ನಲು ಬಾಯಿ ತೆರೆದಳು. ಬರೀ ಗಾಳಿ ಬಂತು.