ಹಾಳಾದ ಟೇಕ್

ಕ್ಯಾಮೆರಾ ಪಕ್ಕದಲ್ಲಿ ನಿಂತವನನ್ನು ಕಂಡು ಅವಳ ಎದೆ ಧಸಕ್ಕೆಂದಿತು.

ಅವನೇ... ಕೂದಲು ನೆರೆತಿದೆ, ಕಣ್ಣು ಮಾತ್ರ ಅದೇ.

ಅವಳು ನಾಯಕಿಯಾಗಿದ್ದ ಕಾಲದಲ್ಲಿ, ಅವಳ ಮುಖವನ್ನು ಹತ್ತಿರದಿಂದ ತೆಗೆಯುವಾಗ ನಾಯಕರು ಹಾಯಾಗಿ ಕಾಫಿಗೆ ಹೋಗಿಬಿಡುತ್ತಿದ್ದರು. ಅವರ ಬದಲು ಇವನು ನಿಂತು ಮಾತು ಹೇಳಬೇಕು, ಅವಳು ಇವನನ್ನೇ ನೋಡಿ ನಗಬೇಕು, ಅಳಬೇಕು. ಊರಿಗೆ ಊರೇ ಮರುಳಾಗಿದ್ದ ಅವಳ ಪ್ರೇಮದ ನೋಟಗಳೆಲ್ಲ ಆಗ ಈ ಸಹಾಯಕ ನಿರ್ದೇಶಕನ ಪಾಲಿಗಿದ್ದವು!

ಒಂದು ದಿನ ರೀಲು ಓಡುತ್ತಿರುವಾಗಲೇ ಅವನು ನಾಯಕನ ಮಾತು ಬಿಟ್ಟು ತನ್ನ ಮಾತು ಹೇಳಿದ್ದ. "ಅಮ್ಮಂಗೆ ನಿಮ್ಮ ವಿಷಯ ಹೇಳಿದೀನಿ. ನಮ್ಮನೆಗೆ ಬಂದ್ಬಿಡ್ತೀರಾ?"

ಅವಳ ಜೀವವೆಲ್ಲ ಹೂಂ ಅಂದಿತ್ತು. ಆದರೆ ಟೇಕ್ ಹಾಳುಮಾಡಬಾರದೆಂಬ ಅಭ್ಯಾಸ ನೋಡಿ, ಬಾಯಿ ಕಂಠಪಾಠವನ್ನೇ ಒಪ್ಪಿಸಿತು. "ಬರಲ್ಲ. ನನ್ನ ದಾರಿ ಬೇರೆ."

ಕಟ್ ಆದಮೇಲೆ ನಿಜ ಹೇಳೋಣವೆಂದು ತಿರುಗಿದರೆ ಅವನಿಲ್ಲ. ಕೆಲಸವನ್ನೇ ಬಿಟ್ಟು ಹೋಗಿದ್ದ.

ಇಷ್ಟು ವರ್ಷಗಳ ಮೇಲೆ ಹೊಟ್ಟೆಪಾಡು ಅವನನ್ನು ಮತ್ತೆ ಇಲ್ಲಿಗೇ ತಂದಿತ್ತು. ಅವಳನ್ನೂ ಅಷ್ಟೇ. ಜನ ಗುರುತು ಹಿಡಿಯದಂತಾದ ಮೇಲೆ ಸಿಕ್ಕಿದ್ದು ಈ ಪುಟ್ಟ ತಾಯಿಪಾತ್ರ. ಇದೂ ಕೈತಪ್ಪಿದರೆ ಇನ್ನು ಯಾರೂ ಕರೆಯುವುದಿಲ್ಲ. ಅವಳ ಬದಲಿಗೆ ಇರಲೆಂದು ಅದೇ ಬಣ್ಣದ ಸೀರೆಯುಟ್ಟ ಇನ್ನೊಬ್ಬ ನಟಿಯನ್ನು ಮೂಲೆಯ ಕುರ್ಚಿಯಲ್ಲಿ ಕೂರಿಸಿಯೇ ಇದ್ದರು.

"ಆ್ಯಕ್ಷನ್."

ಅವನು ಮಗನ ಪಾತ್ರದ ಮಾತು ಹೇಳಿದ. "ಅಮ್ಮಾ, ನನ್ನ ಜೊತೆ ಬಂದ್ಬಿಡು."

'ಬರಲ್ಲ, ಹೋಗು' ಎನ್ನಬೇಕು. ಅಷ್ಟೇ.

"ಬರ್ತೀನಿ," ಅಂದಳು.

"ಕಟ್. ಮೇಡಂ, ಬರಲ್ಲ ಅನ್ಬೇಕು."

ಅಯ್ಯೋ, ಇವರಿಗೇ ಇನ್ನೊಂದು ಸಲ 'ಬರಲ್ಲ' ಅಂತ ಹೇಗೆ ಹೇಳಲಿ... ಮತ್ತೆ ದೀಪ ಹತ್ತಿತು. ಮತ್ತೆ ಅವನ ದನಿ.

"ಬರ್ತೀನಿ."

ಮಗನ ವಯಸ್ಸಿನ ನಿರ್ದೇಶಕ ಸಿಡುಕಲಿಲ್ಲ. ಸಿಡುಕಿದ್ದರೂ ಇಷ್ಟು ನೋಯುತ್ತಿರಲಿಲ್ಲ. "ನೀವು ರೆಸ್ಟ್ ತಗೊಳ್ಳಿ ಮೇಡಂ," ಎಂದು ಕುರ್ಚಿಯಲ್ಲಿದ್ದವಳನ್ನು ಕರೆದ.

ಊಟದ ಬಿಡುವಿನಲ್ಲಿ ಆ ಹಳೆಯ ಸಹಾಯಕ ಮೇಕಪ್ ಕೋಣೆಗೆ ಬಂದಾಗ ಅವಳು ತುರುಬಿನ ಪಿನ್ನು ತೆಗೆಯಲಾರದೆ ಕೂತಿದ್ದಳು.

"ನನ್ನಿಂದ ನಿಮ್ಮ ಪಾತ್ರ ಹೋಯ್ತು," ಎಂದ.

"ಆವತ್ತು ಟೇಕ್ ಉಳಿಸ್ಕೊಂಡೆ, ನಿಮ್ಮನ್ನ ಕಳ್ಕೊಂಡೆ... ಅದು ಬರೀ ಡೈಲಾಗು. ಕಟ್ ಆಗೋವರೆಗಾದ್ರೂ ಇರ್ಬಾರ್ದಿತ್ತಾ?"

ಅವನು ಅವಳ ಹಿಂದೆ ಬಂದು ನಿಂತು ಅಂದ, "ಅಮ್ಮ ಈಗಿಲ್ಲ. ಮನೆನೂ ಒಂದೇ ರೂಮಿಂದು."

"ನಂಗೂ ಇನ್ಮೇಲೆ ಕೆಲಸ ಇಲ್ಲ."

ಅವನು ಒಂದೊಂದಾಗಿ ಪಿನ್ನು ತೆಗೆದು ಅವಳ ಅಂಗೈಯಲ್ಲಿಟ್ಟ.

"ಹಾಗಾದ್ರೆ... ಇನ್ನೊಂದ್ಸಲ ಕೇಳ್ಲಾ?"

"ಬೇಡ," ಎಂದು ಅವಳು ಕನ್ನಡಿಯಲ್ಲಿ ಅವನ ಕಣ್ಣನ್ನೇ ನೋಡಿದಳು. "ಆಗ್ಲೇ ಹೇಳಿದೀನಲ್ಲ, ಎಲ್ಲರ ಎದುರಿಗೇ."