ಅರವತ್ತಾರು ಕಡಲಹಸುಗಳು

ಜಲವಾಚಕ ಒಂದು ಲೋಟ ಸಮುದ್ರದ ನೀರು ಹೀರಿಕೊಂಡು ನಾಲ್ಕು ನಿಮಿಷ ಗುಂಯ್‌ಗುಟ್ಟಿತು. ಆಮೇಲೆ ಪರದೆಯ ಮೇಲೆ ಮೂರು ಗುರುತುಸಂಖ್ಯೆಗಳು ಮೂಡಿದವು. ಬೆಳಗಿನಿಂದ ಮೂರು ಕಡಲಹಸುಗಳು ಇಲ್ಲಿ ಹಾದುಹೋಗಿವೆ ಎಂದು ಅರ್ಥ. ಪ್ರಾಣಿಯ ಮೈಯಿಂದ ನೀರಿಗೆ ಉದುರಿದ ಜೀವಕೋಶಗಳನ್ನು ಓದಿ, ಅದು ಯಾವ ಜಾತಿಯೆಂದಷ್ಟೇ ಅಲ್ಲ, ಆ ಜಾತಿಯಲ್ಲಿ ಯಾವ ಪ್ರಾಣಿಯೆಂದೂ ಹೇಳುವ ಯಂತ್ರ ಅದು. ಡಾ. ಅಹಲ್ಯಾ ಹಂದೆ ಹನ್ನೊಂದು ವರ್ಷ ಸವೆಸಿ ಅದನ್ನು ರೂಪಿಸಿದ್ದಳು. ಪಾಕ್ ಜಲಸಂಧಿಯ ಭಾರತದ ಬದಿಯಲ್ಲಿ ಅದು ಗುರುತಿಸಿದ್ದು ಅರವತ್ತಮೂರು ಕಡಲಹಸು. ಲಂಕೆಯ ಬದಿಯಲ್ಲಿ ನಿಲಂತಿ ಎಂಬ ವಿಜ್ಞಾನಿ ಅಂಥದೇ ಯಂತ್ರದಿಂದ ಐವತ್ತೆಂಟನ್ನು ಗುರುತಿಸಿದ್ದಳು.

ಎರಡೂ ದೇಶಗಳ ಜಂಟಿ ಸಮಿತಿ ಅವನ್ನು ಕೂಡಿಸಿ ನೂರ ಇಪ್ಪತ್ತೊಂದು ಎಂದಿತು. ಸಂಖ್ಯೆ ನೂರು ದಾಟಿದ ಪ್ರಾಣಿಗೆ ರಕ್ಷಣೆ ಬೇಕಿಲ್ಲವೆಂಬುದು ನಿಯಮ. ಅವು ಮೇಯುವ ಕಡಲಹುಲ್ಲಿನ ಮೇಲೆ ಹಡಗುದಾರಿಗಾಗಿ ಹೂಳೆತ್ತಲು ಆದೇಶ ಬಂತು.

ದೋಣಿ ನಡೆಸುವ ಕುಂದಾಪುರದ ಶೀನ ಮರಕಾಲ ಕೇಳಿದ, "ಅಲ್ದಾ ಅಮ್ಮ, ದನಕ್ಕೆ ಗಡಿ ಗೊತ್ತಿತ್ತಾ? ಹುಲ್ಲ್ ಇದ್ದಲ್ ಹೋತ್ತ್."

"ಅದನ್ನೇ ಸಮಿತಿಗೆ ಐದು ಸಲ ಬರೆದೆ, ಶೀನಣ್ಣ."

ಆರನೆಯ ಸಲ ಅವಳು ಸಮಿತಿಯ ಕಾರ್ಯದರ್ಶಿ ಮಾನ್ವಿಯವರಿಗೆ ಫೋನು ಮಾಡಿದಳು. ಎರಡೂ ಕಡೆಯ ಗುರುತುಸಂಖ್ಯೆಗಳನ್ನು ಹೋಲಿಸಲೇಬೇಕು ಎಂದಳು.

"ಅದರ ಜೊತಿಗೆ ಸ್ಥಳಾನೂ ಇರ್ತದಲ್ರೀ ಮೇಡಂ. ಗಡಿಯೊಳಗಿನ ಸ್ಥಳ ಅಂದ್ರ ರಕ್ಷಣಾ ಗುಟ್ಟು. ಮೊತ್ತ ಅಷ್ಟೇ ಕಳಿಸಬಹುದು."

"ಒಂದೇ ಪ್ರಾಣಿಯನ್ನು ಎರಡು ಸಲ ಎಣಿಸಿದ್ದೀವಿ, ಸರ್."

"ಎರಡೂ ಎಣಿಕೆ ನಿಯಮದ ಪ್ರಕಾರನ ಅದಾವಲ್ರೀ."

ಅಹಲ್ಯಾ ಫೋನನ್ನು ಮೇಜಿಗೆ ಕುಕ್ಕಿದಳು.

ಮರುದಿನ ಮಧ್ಯಾಹ್ನ ಶೀನ ಅವಳನ್ನು ಗಡಿಗೆರೆಯವರೆಗೆ ಕರೆದೊಯ್ದ. ಆ ಕಡೆಯಿಂದ ನಿಲಂತಿಯ ದೋಣಿಯೂ ಬಂತು. ಇಬ್ಬರೂ ಮೀನಿನ ಪೆಟ್ಟಿಗೆಯ ಮೇಲೆ ಪಟ್ಟಿಗಳನ್ನು ಹರಡಿ ಒಂದೊಂದಾಗಿ ಗುರುತು ಹಾಕಿದರು. ಐವತ್ತೈದು ಎರಡರಲ್ಲೂ ಇದ್ದವು. ಒಟ್ಟು ಇದ್ದದ್ದು ಅರವತ್ತಾರೇ.

ಅಹಲ್ಯಾ ಅದನ್ನು ಪತ್ರಿಕೆಗಳಿಗೆ ಕಳಿಸಿದಳು. ಹೂಳೆತ್ತುವ ಕೆಲಸ ನಿಂತಿತು. ಗುಟ್ಟು ಬಿಟ್ಟುಕೊಟ್ಟಳೆಂದು ಅವಳನ್ನು ಕೆಲಸದಿಂದ ತೆಗೆದರು. ಅದಕ್ಕೆ ಅವಳು ಸಿದ್ಧಳಾಗಿದ್ದಳು. ಆದರೆ ಒಂದೇ ಹಿಂಡೆಂದು ತಿಳಿದದ್ದೇ ತಡ, ಅದು ತಮ್ಮದೇ ಎಂದು ಎರಡೂ ಸರ್ಕಾರಗಳು ಜಗಳಕ್ಕೆ ನಿಂತವು. ಹುಲ್ಲಿನ ನೀರಿಗೆ ಎರಡೂ ಕಡೆಯಿಂದ ಕಾವಲು ಹಡಗುಗಳು ಬಂದು ಹಗಲಿಡೀ ಸುತ್ತತೊಡಗಿದವು.

ಮೂರನೆಯ ವಾರ ಶೀನ ಓಡಿಬಂದು ಅವಳನ್ನು ದಡಕ್ಕೆ ಕರೆದ. ಮರಳಿನ ಮೇಲೆ ಕಡಲಹಸುವಿನ ಒಂದು ಮರಿ ಸತ್ತು ಬಿದ್ದಿತ್ತು. ಹುಟ್ಟಿ ಹತ್ತು ದಿನವೂ ಆಗಿರಲಿಲ್ಲ. ಹಡಗಿನ ಪ್ರೊಪೆಲ್ಲರಿನ ಅಲಗು ಬೆನ್ನನ್ನು ಮೂರು ಕಡೆ ಸೀಳಿತ್ತು. ಪಕ್ಕದಲ್ಲಿ ನಿಂತಿದ್ದ ಕಾವಲಿನವನು ತಡೆದ. ಯಾವ ದೇಶದ್ದೆಂದು ತೀರ್ಮಾನವಾಗುವವರೆಗೆ ಅದನ್ನು ಯಾರೂ ಮುಟ್ಟುವಂತಿರಲಿಲ್ಲ.

"ತೀರ್ಮಾನಕ್ಕೆ ಎಷ್ಟ್ ದಿನ ಆತ್ತ್ ಅಂಬ್ರು?" ಎಂದ ಶೀನ.

ಅಹಲ್ಯಾ ದೋಣಿಯಿಂದ ಸಲಿಕೆ ತಂದು, ಕಾವಲಿನವನ ಕಣ್ಣಿನಲ್ಲಿ ಕಣ್ಣಿಟ್ಟು ನೋಡಿ, ಅವನ ಕಾಲಬುಡದಲ್ಲೇ ಮರಿಗೆ ಗುಂಡಿ ಅಗೆಯತೊಡಗಿದಳು. ಸ್ವಲ್ಪ ಹೊತ್ತಿಗೆ ಅವನು ಪಕ್ಕಕ್ಕೆ ಸರಿದು ನಿಂತ.