ಡೇರೆಯೊಳಗಿನ ಒಲೆ

ಇನ್ಸ್‌ಪೆಕ್ಟರಮ್ಮ ಡೇರೆಯ ಜಿಪ್ ಎಳೆದಾಗ ಬಡಗಿ ಮಗ್ಗುಲಾಗಿ ಮಲಗಿದ್ದ, ಗಾಢ ನಿದ್ದೆಯಲ್ಲಿರುವವನ ಹಾಗೆ. ಮೈ ಮಾತ್ರ ಕೊರಡಾಗಿತ್ತು. ತಲೆಯ ಪಕ್ಕದಲ್ಲಿ ಅಂಗೈಯಗಲದ ಗ್ಯಾಸ್ ಒಲೆ, ಹೊಚ್ಚ ಹೊಸದು. ಹೊರಗೆ ಕೆರೆ ಹೆಪ್ಪುಗಟ್ಟಿತ್ತು.

"ರಾತ್ರಿಯೆಲ್ಲಾ ಒಲೆ ಉರೀತಿತ್ತು ಮೇಡಂ," ಎಂದ ಸತ್ತವನ ಭಾಮೈದ. ಇಬ್ಬರೂ ಮೀನು ಹಿಡಿಯಲು ಬಂದವರು. "ನಾನು ಕಾರಲ್ಲಿ ಮಲಗಿದ್ದೆ. ಗಾಳಿಗೆ ಸ್ವಲ್ಪ ಸಂದಿ ಬಿಡಿ ಭಾವ ಅಂದೆ, ಕೇಳಲಿಲ್ಲ. ಬೆಳಿಗ್ಗೆ ನೋಡಿದ್ರೆ ಗ್ಯಾಸೂ ಖಾಲಿ, ಭಾವನೂ..."

ಇನ್ಸ್‌ಪೆಕ್ಟರಮ್ಮ ಬಗ್ಗಿ ನೋಡಿದಳು. ಒಲೆಯ ತಿರುಪು ಪೂರ್ತಿ ತೆರೆದಿತ್ತು. ಸದ್ದಿಲ್ಲ, ವಾಸನೆಯಿಲ್ಲ. ಕೆಳಗಿನ ನೆಲಹಾಸು ತಟ್ಟೆಯಗಲ ಸುಟ್ಟಿತ್ತು. ಇಷ್ಟು ಪುಟ್ಟ ಒಲೆಗೆ ಅಷ್ಟು ದೊಡ್ಡ ಗುರುತೇ?

"ಇದ್ದ ಹಾಗೇ ಚೀಲಕ್ಕೆ ಹಾಕು," ಎಂದಳು ಪೇದೆಗೆ. "ಏನನ್ನೂ ತಿರುಗಿಸಬೇಡ."

* * *

ಮುಚ್ಚಿದ ಜಾಗದಲ್ಲಿ ಬೆಂಕಿ ಉಗುಳುವ ವಿಷಗಾಳಿ ಕುಡಿದು ಸತ್ತಿದ್ದಾನೆ ಎಂದರು ಡಾಕ್ಟರು. ಒಲೆ ಮಾರಿದ ಅಂಗಡಿಗೆ ಹೋದರೆ ಕಪಾಟು ಖಾಲಿ. ಆ ಮಾದರಿಯ ಒಲೆ ಒಂದೂ ಇಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು.

"ಎಲ್ಲಿ ಬಚ್ಚಿಟ್ಟೆ?" ಎಂದಳು ಅಂಗಡಿಯವನಿಗೆ.

"ಗೋಡೌನಲ್ಲಿ. ಸಾವಿನ ಸುದ್ದಿ ಕೇಳಿ ಭಯ ಆಯ್ತು ಮೇಡಂ. ಚಳಿಗೆ ಸೀಮೆಎಣ್ಣೆ ಪಂಪ್ ಒಲೆಯೇ ವಾಸಿ ಅಂತ ಬಡ್ಕೊಂಡೆ. ದೊಡ್ಡವರು ಅದನ್ನೇ ಕೈಗೆತ್ತಿಕೊಂಡಿದ್ರು. ಆ ಚಿಕ್ಕವರು, ಅವರ ಭಾಮೈದ, ಭಾರ ಅಂತ ವಾಪಸ್ ಇಡಿಸಿ ಈ ಗ್ಯಾಸ್ ಒಲೆ ಕೊಡಿಸಿದ್ರು."

ತಪ್ಪು ತನ್ನ ತಲೆಗೆ ಬಂದಾಗ ಎಲ್ಲರೂ ಹೀಗೇ ಹೇಳುವುದು. ಅವಳು ನಂಬಲಿಲ್ಲ. "ನಡಿ, ಸ್ಟೇಷನ್‌ನಲ್ಲಿ ಮಾತಾಡೋಣ."

* * *

ಸ್ಟೇಷನ್ ಬೆಚ್ಚಗಿತ್ತು. ಹೀಟರ್ ಪಕ್ಕದ ಮೇಜಿನ ಮೇಲೆ ಒಲೆಯ ಚೀಲ. ಅಂಗಡಿಯವನು ಹೇಳಿಕೆ ಕೊಡುತ್ತಿದ್ದಾಗ ಏನೋ ಬುಸುಗುಟ್ಟಿತು. ಪೇದೆ ಮೂಗು ಮುಚ್ಚಿಕೊಂಡ.

"ಗ್ಯಾಸ್!"

ಇನ್ಸ್‌ಪೆಕ್ಟರಮ್ಮ ಹಾರಿ ಹೀಟರ್ ಆರಿಸಿದಳು, ತಿರುಪು ಬಿಗಿದಳು, ಕಿಟಕಿ ತೆರೆಸಿದಳು. ಆಮೇಲೆ ಒಲೆಯ ಗ್ಯಾಸ್ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ಗ್ಯಾಸಿನ ದ್ರವ ಕುಲುಕಿತು. ಡಬ್ಬಿ ತುಂಬಿತ್ತು.

"ನೀನು ಮನೆಗೆ ಹೋಗಪ್ಪಾ," ಎಂದಳು ಅಂಗಡಿಯವನಿಗೆ. ಪೇದೆಯತ್ತ ತಿರುಗಿ, "ಆ ಭಾಮೈದನ ಕಾರಿನ ಡಿಕ್ಕಿ ತೆಗೆಸು. ಡೇರೆಯ ಸುತ್ತ ಹಿಮ ಅಗೆಸು."

* * *

ಬಡಗಿಯ ಮನೆಯಲ್ಲಿ ಅವನ ಹೆಂಡತಿಯ ಪಕ್ಕ ಭಾಮೈದ ಕೂತಿದ್ದ, ಅಕ್ಕನ ಕೈ ಹಿಡಿದು.

"ಒಲೆ ರಾತ್ರಿಯೆಲ್ಲಾ ಉರೀತು ಅಂದ್ರಿ," ಎಂದಳು ಇನ್ಸ್‌ಪೆಕ್ಟರಮ್ಮ. "ಅದು ಉರಿದೇ ಇಲ್ಲ. ಆ ಚಳಿಗೆ ಈ ಗ್ಯಾಸ್ ನೀರಿನ ಹಾಗೆ ಡಬ್ಬಿಯಲ್ಲೇ ಕೂತಿರುತ್ತೆ, ಬೆಚ್ಚಗಾಗೋವರೆಗೆ ಆವಿಯಾಗಿ ಮೇಲೇಳೋದಿಲ್ಲ. ಮುಚ್ಚಿದ ಡೇರೆಯಲ್ಲಿ ಇದೇ ಅವರನ್ನ ಮುಗಿಸಲಿ ಅಂತ ನೀವೇ ಆರಿಸಿದ್ರಿ. ಅದು ಹೊತ್ತಿಕೊಳ್ಳದೆ ಕೈಕೊಟ್ಟಿತು. ಅವರು ನಿದ್ದೆ ಹೋದ ಮೇಲೆ ಬಾಣಲೆಯಲ್ಲಿ ಕೆಂಡ ತುಂಬಿ ಒಳಗಿಟ್ರಿ. ಬೆಳಿಗ್ಗೆ ಅದನ್ನ ತೆಗೆದು, ಸುಟ್ಟ ಜಾಗದ ಮೇಲೆ ಒಲೆ ಇಟ್ಟು, ತಿರುಪು ತೆರೆದ್ರಿ. ಸದ್ದು ಬರಲಿಲ್ಲ. ಖಾಲಿ ಅಂದ್ಕೊಂಡ್ರಿ."

"ಸುಳ್ಳು!"

"ಇದ್ದಿಲು ಹಿಮದಡಿ ಸಿಕ್ಕಿತು. ಬಾಣಲೆ ನಿಮ್ಮ ಡಿಕ್ಕಿಯಲ್ಲಿತ್ತು. ಅದರ ತಳ ನೆಲಹಾಸಿನ ಗುರುತಿಗೆ ಸರಿಯಾಗಿ ಕೂತಿತು. ಯಾಕೆ ಕೊಂದ್ರಿ ಅನ್ನೋದೊಂದೇ ನನಗೆ ಗೊತ್ತಿಲ್ಲ."

"ನನಗೆ ಗೊತ್ತು," ಎಂದಳು ಅಕ್ಕ. ಕೈ ಬಿಡಿಸಿಕೊಂಡಳು. "ಇವನು ಕಾರಲ್ಲಿ ಒಬ್ಬ ಅಜ್ಜಿಗೆ ಗುದ್ದಿ, ನಿಲ್ಲಿಸದೆ ಬಂದ. ಅಜ್ಜಿ ಉಳೀಲಿಲ್ಲ. ಪೊಲೀಸರ ಹತ್ರ ಒಪ್ಕೋ ಅಂತ ನಮ್ಮವರು ಪಟ್ಟು ಹಿಡಿದು ಕೂತಿದ್ರು. ಮೀನು ಹಿಡಿಯೋಕೆ ಕರ್ಕೊಂಡು ಹೋದದ್ದೂ ಸಮಾಧಾನವಾಗಿ ಹೇಳೋಣ ಅಂತಲೇ."

"ಅಕ್ಕಾ, ನೀನಾದ್ರೂ..."

"ಒಬ್ಬನೇ ಹೋಗೋಕೆ ಹೆದರ್ತಾನೆ, ಸ್ಟೇಷನ್‌ಗೆ ನಾನೂ ಜೊತೆಗೆ ಹೋಗ್ತೀನಿ ಅಂದಿದ್ರು ಕಣೋ." ಅವಳು ಎದ್ದು ಬಾಗಿಲು ತೆರೆದಳು. "ಈಗ ಒಬ್ಬನೇ ಹೋಗು."